ಪ್ರಯೋಗದ ತಾಕಿನಲ್ಲಿ ಲೆಕ್ಕದ ಪುಸ್ತಕ ಬೇಡ

ಬಿಡುಗಡೆ-ಪೂರ್ವ ಅಪ್‌ಡೇಟ್‌ಗಳು ಮತ್ತು ಕಾಫಿ ನಾಡಿನ ವ್ಯಾಪಾರಸ್ಥರು

ಚಿಕ್ಕಮಗಳೂರಿನ ಕಾಫಿ ಪುಡಿ ತಯಾರಿಕಾ ಘಟಕದಿಂದ ಹಿಡಿದು ಮೂಡಿಗೆರೆಯ ಕಾಫಿ ಖರೀದಿ ಮಳಿಗೆ, ಕಳಸದ ಅಡಿಕೆ ಮತ್ತು ಕಾಳುಮೆಣಸಿನ ಅಂಗಡಿಯವರೆಗೆ ಗಣಕಯಂತ್ರವಿಲ್ಲದ ವ್ಯವಹಾರ ಸ್ಥಳವನ್ನು ಇಂದು ಕಾಣುವುದು ಕಷ್ಟ. 1996ರಲ್ಲಿ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಕೊನೆಗೊಂಡು ಬೆಳೆಗಾರನು ತನ್ನ ಸಂಪೂರ್ಣ ಫಸಲನ್ನು ಮುಕ್ತ ಮಾರುಕಟ್ಟೆಯಲ್ಲಿ ಮಾರುವಂತಾದ ಬಳಿಕ, ಖರೀದಿ, ತೂಕ, ಔಟ್‌ಟರ್ನ್, ಮುಂಗಡ ಹಾಗೂ ಬಾಕಿಗಳ ಲೆಕ್ಕವೆಲ್ಲ ವ್ಯಾಪಾರಸ್ಥರ ಹೆಗಲಿಗೇ ಬಂದಿತು. 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಆ ಲೆಕ್ಕವು ಕಾಗದದ ಖಾತೆಯಿಂದ ಗಣಕಯಂತ್ರಕ್ಕೆ ಸಂಪೂರ್ಣವಾಗಿ ವರ್ಗಾವಣೆಯಾಯಿತು. ಹೀಗೆ ಒಂದು ಕಾಲದಲ್ಲಿ ತಿಜೋರಿಯಲ್ಲಿರುತ್ತಿದ್ದ ಖಾತೆ ಪುಸ್ತಕ ಇಂದು ಮೇಜಿನ ಮೇಲಿನ ಒಂದು ಪೆಟ್ಟಿಗೆಯೊಳಗಿದೆ.

ತಿಜೋರಿಯ ಕೀಲಿಯನ್ನು ಯಾರ ಕೈಗೂ ಕೊಡದ ವ್ಯಾಪಾರಿಯು ಈ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಅಷ್ಟೊಂದು ಎಚ್ಚರ ವಹಿಸುವುದಿಲ್ಲ. ಇಂಜಿನಿಯರಿಂಗ್ ಓದುತ್ತಿರುವ ಮಗನೋ ಅಕ್ಕನ ಮಗನೋ ರಜೆಯಲ್ಲಿ ಊರಿಗೆ ಬಂದಾಗ, ಹೊಸ ವಿಂಡೋಸ್ ಎಲ್ಲರಿಗಿಂತ ಮೊದಲು ಸಿಗುತ್ತದೆಂಬ ಉತ್ಸಾಹದಿಂದ ಒಂದು ಗುಂಡಿಯನ್ನು ಒತ್ತುತ್ತಾನೆ. ಅದು ಬಿಡುಗಡೆಯಾದ ಆವೃತ್ತಿಯಲ್ಲ, ಪರೀಕ್ಷೆಯಲ್ಲಿರುವ ಆವೃತ್ತಿ ಎಂಬುದು ಅಂಗಡಿಯ ಯಜಮಾನರಿಗೆ ತಿಳಿದಿರುವುದಿಲ್ಲ. ಇಂತಹ ಬಿಡುಗಡೆ-ಪೂರ್ವ ಅಪ್‌ಡೇಟ್‌ಗಳಿಂದ ವ್ಯಾಪಾರಕ್ಕೆ ಒದಗಬಹುದಾದ ಅಪಾಯಗಳನ್ನೂ ಅವುಗಳಿಂದ ದೂರವಿರುವ ಬಗೆಯನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಬಿಡುಗಡೆ-ಪೂರ್ವ ಆವೃತ್ತಿ ಎಂದರೇನು?

ಗಣಕಯಂತ್ರದ ಎಲ್ಲ ಕೆಲಸಗಳಿಗೂ ತಳಹದಿಯಾಗಿರುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಇದಕ್ಕೆ ನಮ್ಮಲ್ಲಿ ಹೆಚ್ಚು ಪರಿಚಿತವಾದ ಉದಾಹರಣೆ. ಇದರ ಹೊಸ ಆವೃತ್ತಿಯನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡುವ ಮುನ್ನ ತಯಾರಕ ಸಂಸ್ಥೆಯು ಅದನ್ನು ಸ್ವಯಂಸೇವಕರ ಯಂತ್ರಗಳಲ್ಲಿ ಓಡಿಸಿ ದೋಷಗಳನ್ನು ಹುಡುಕುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಪೂರ್ವಭಾವಿ ಆವೃತ್ತಿಯೊಂದಿಗೆ 'ವಿಂಡೋಸ್ ಇನ್‌ಸೈಡರ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಹೆಸರು ನೋಂದಾಯಿಸಿದ ಯಾರಿಗಾದರೂ ಪರೀಕ್ಷಾ ಆವೃತ್ತಿಗಳು ಉಚಿತವಾಗಿ ದೊರೆಯತೊಡಗಿದವು. 2023ರ ಮಾರ್ಚ್‌ನಲ್ಲಿ ಇದನ್ನು ಕ್ಯಾನರಿ, ಡೆವ್, ಬೀಟಾ, ರಿಲೀಸ್ ಪ್ರಿವ್ಯೂ ಎಂಬ ನಾಲ್ಕು ಹಂತಗಳಾಗಿ ವಿಂಗಡಿಸಲಾಯಿತು. ಕ್ಯಾನರಿ ಹಂತದ್ದು ತೀರಾ ಕಚ್ಚಾ; ರಿಲೀಸ್ ಪ್ರಿವ್ಯೂ ಬಹುಮಟ್ಟಿಗೆ ಪಕ್ವವಾದದ್ದು.

ಇದಲ್ಲದೆ ಇನ್ನೊಂದು ಬಗೆಯೂ ಇದೆ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ತನ್ನ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುತ್ತದೆ. ತಿಂಗಳ ಕೊನೆಯ ಭಾಗದಲ್ಲಿ 'ಪ್ರಿವ್ಯೂ' ಎಂಬ ಹೆಸರಿನ ಐಚ್ಛಿಕ ಅಪ್‌ಡೇಟ್ ಬರುತ್ತದೆ. ಮುಂದಿನ ತಿಂಗಳು ಎಲ್ಲರಿಗೂ ಬರಲಿರುವ ತಿದ್ದುಪಡಿಗಳ ಮುಂಗಡ ರೂಪ ಇದು. ಇನ್‌ಸೈಡರ್ ಕಾರ್ಯಕ್ರಮಕ್ಕೆ ಸೇರದ ಸಾಮಾನ್ಯ ಬಳಕೆದಾರನೂ ಅರಿಯದೆ ಪರೀಕ್ಷಕನಾಗುವ ದಾರಿ ಇದೇ ಆಗಿದೆ.

ಬಾಳೆಹೊನ್ನೂರಿನ ಪಾಠ

ಈ ವಿಷಯವನ್ನು ಕಾಫಿ ನಾಡಿನವರಿಗೆ ಅರ್ಥ ಮಾಡಿಸಲು ಬೇರೆ ಊರಿನ ಉದಾಹರಣೆ ಬೇಕಿಲ್ಲ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರವು ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ. ಅಲ್ಲಿ ಹುಟ್ಟಿದ ಹೊಸ ತಳಿಯೊಂದು ನೇರವಾಗಿ ಬೆಳೆಗಾರನ ತೋಟಕ್ಕೆ ಬರುವುದಿಲ್ಲ. ಮೊದಲು ಪ್ರಯೋಗದ ತಾಕಿನಲ್ಲಿ, ಬಳಿಕ ಬೇರೆ ಬೇರೆ ಹವೆಯ ಪ್ರದೇಶಗಳಲ್ಲಿ, ಹಲವು ವರ್ಷಗಳ ಮಳೆ, ಬಿಸಿಲು, ಎಲೆ ತುಕ್ಕು ರೋಗ ಹಾಗೂ ಕಾಂಡ ಕೊರಕದ ಬಾಧೆಗಳನ್ನು ಎದುರಿಸಿ ಗೆದ್ದ ನಂತರವೇ ಅದನ್ನು ಬಿಡುಗಡೆ ಮಾಡಲಾಗುತ್ತದೆ. 1940ರ ದಶಕದಲ್ಲಿ ಬಂದ ಎಸ್. 795 ಹೀಗೆ ಬಂದು ಇಂದಿಗೂ ತೋಟಗಳಲ್ಲಿ ನಿಂತಿದೆ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯೂ ಇದೇ ಹಾದಿಯಲ್ಲಿ ಬಂದದ್ದು.

ಯಾವ ವಿವೇಕಿ ಬೆಳೆಗಾರನೂ ಪರೀಕ್ಷೆ ಮುಗಿಯದ ತಳಿಯ ಬೀಜವನ್ನು ತಂದು ಇಡೀ ತೋಟದ ಹಳೆಯ ಗಿಡಗಳನ್ನು ಕಿತ್ತು ನೆಡುವುದಿಲ್ಲ. ಕುತೂಹಲವಿದ್ದರೆ ಮೂಲೆಯೊಂದರಲ್ಲಿ ನೂರು ಗಿಡ ನೆಟ್ಟು ನಾಲ್ಕಾರು ವರ್ಷ ನೋಡುತ್ತಾನೆ. ಅಂಗಡಿಯ ಏಕೈಕ ಗಣಕಯಂತ್ರಕ್ಕೆ ಬಿಡುಗಡೆ-ಪೂರ್ವ ಆವೃತ್ತಿಯನ್ನು ಅಳವಡಿಸುವುದೆಂದರೆ ಇಡೀ ತೋಟವನ್ನೇ ಪ್ರಯೋಗದ ತಾಕಾಗಿ ಮಾಡಿಕೊಂಡಂತೆ. ವ್ಯತ್ಯಾಸವೇನೆಂದರೆ, ಸಂಶೋಧನಾ ಸಂಸ್ಥೆಯು ತನ್ನ ತಾಕಿನ ನಷ್ಟವನ್ನು ತಾನೇ ಭರಿಸುತ್ತದೆ. ಇಲ್ಲಿ ಪರೀಕ್ಷೆಯ ಲಾಭ ತಯಾರಕ ಸಂಸ್ಥೆಗೆ, ನಷ್ಟ ಮಾತ್ರ ವ್ಯಾಪಾರಿಗೆ. ಪರೀಕ್ಷಾ ಆವೃತ್ತಿಯನ್ನು ಇದ್ದಂತೆಯೇ, ಯಾವುದೇ ಖಾತರಿಯಿಲ್ಲದೆ ನೀಡಲಾಗುತ್ತದೆ. ದಿನನಿತ್ಯದ ಮುಖ್ಯ ಯಂತ್ರದಲ್ಲಿ ಅದನ್ನು ಬಳಸಬೇಡಿ ಎಂದು ತಯಾರಕರೇ ಸಲಹೆ ನೀಡುತ್ತಾರೆ. ಬಳಕೆದಾರರಲ್ಲಿ ಹೆಚ್ಚಿನವರು ಅದನ್ನು ಓದದೆ 'ಒಪ್ಪಿಗೆ' ಎಂದು ಒತ್ತುತ್ತಾರಷ್ಟೆ.

ಪರೀಕ್ಷೆ ಮುಗಿದದ್ದೂ ಎಡವಬಲ್ಲದು

ಪ್ರಯೋಗದ ತಾಕು ಎಲ್ಲ ದೋಷಗಳನ್ನೂ ಹಿಡಿದುಬಿಡುತ್ತದೆ ಎಂದೇನೂ ಇಲ್ಲ. 1980ರ ದಶಕದಲ್ಲಿ ಬಂದ 'ಕಾವೇರಿ' ತಳಿಯು ಗಿಡ್ಡ ಗಿಡ, ಹೆಚ್ಚು ಇಳುವರಿ, ರೋಗ ನಿರೋಧ ಎಂಬ ಕಾರಣಗಳಿಂದ ಜನಪ್ರಿಯವಾದರೂ ಕೆಲವೇ ವರ್ಷಗಳಲ್ಲಿ ಎಲೆ ತುಕ್ಕು ರೋಗಕ್ಕೆ ತುತ್ತಾಗತೊಡಗಿದ್ದನ್ನು ಹಿರಿಯ ಬೆಳೆಗಾರರು ಮರೆತಿಲ್ಲ. ಗಣಕ ಲೋಕದಲ್ಲಿಯೂ ಇಂತಹದ್ದು ನಡೆದಿದೆ.

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ 1809 ಆವೃತ್ತಿಯನ್ನು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ, ಅಪ್‌ಡೇಟ್ ಆದ ನಂತರ 'ಡಾಕ್ಯುಮೆಂಟ್ಸ್' ಮುಂತಾದ ಕಡತಕೋಶಗಳಲ್ಲಿದ್ದ ಕಡತಗಳು ಮಾಯವಾಗಿವೆ ಎಂಬ ದೂರುಗಳು ಬಂದವು. ಸಂಸ್ಥೆಯು ಆ ವಾರದ ಕೊನೆಗೆ ವಿತರಣೆಯನ್ನು ನಿಲ್ಲಿಸಿ, ದೋಷ ಸರಿಪಡಿಸಿ ನವೆಂಬರ್ 13ರಂದು ಪುನಃ ಬಿಡುಗಡೆ ಮಾಡಬೇಕಾಯಿತು. ಈ ಕಡತಕೋಶಗಳನ್ನು ಸಿ ಡ್ರೈವ್‌ನಿಂದ ಡಿ ಡ್ರೈವ್‌ನಂತಹ ಬೇರೆ ಜಾಗಕ್ಕೆ ಬದಲಾಯಿಸಿಕೊಂಡು, ಹಳೆಯ ಜಾಗದಲ್ಲಿಯೂ ಕಡತಗಳನ್ನು ಉಳಿಸಿಕೊಂಡಿದ್ದವರಿಗೆ ಈ ನಷ್ಟವಾಗಿತ್ತು. ಕಡತ ಕಳೆದುಕೊಂಡವರ ವರದಿಗಳು ಒಟ್ಟು ಬಳಕೆದಾರರಲ್ಲಿ ಶೇಕಡಾ ಒಂದರ ನೂರನೇ ಒಂದು ಭಾಗದಷ್ಟು ಮಾತ್ರ ಎಂದು ಸಂಸ್ಥೆ ಹೇಳಿತು. ಆದರೆ ಕಳೆದುಕೊಂಡವನ ಪಾಲಿಗೆ ಅದು ನೂರಕ್ಕೆ ನೂರು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ಕಡತ ನಾಶದ ಬಗ್ಗೆ ಕೆಲವು ಇನ್‌ಸೈಡರ್ ಪರೀಕ್ಷಕರು ಬಿಡುಗಡೆಗೆ ಮುನ್ನವೇ ವರದಿ ಮಾಡಿದ್ದರು. ಸಾವಿರಾರು ವರದಿಗಳ ನಡುವೆ ಅದು ಗಮನಕ್ಕೆ ಬಾರದೆ ಹೋಯಿತು. ಎರಡನೆಯದಾಗಿ, ಆ ಆವೃತ್ತಿಯನ್ನು ಅಂತಿಮ ಹಂತವಾದ ರಿಲೀಸ್ ಪ್ರಿವ್ಯೂ ಪರೀಕ್ಷೆಗೆ ಒಳಪಡಿಸದೆಯೇ ಸಾರ್ವಜನಿಕರಿಗೆ ನೀಡಲಾಗಿತ್ತು. ಅರ್ಥಾತ್, ಪರೀಕ್ಷಾ ಆವೃತ್ತಿಯಲ್ಲಿ ಕಡತ ಕಳೆದುಕೊಂಡವನ ದೂರನ್ನು ಯಾರಾದರೂ ಓದುತ್ತಾರೆಂಬ ಭರವಸೆ ಕೂಡ ಇರಲಿಲ್ಲ.

ಕರ್ನಾಟಕದ ವ್ಯಾಪಾರಸ್ಥರಿಗೆ ಇದಕ್ಕಿಂತ ಹತ್ತಿರದ ಅನುಭವ ಇ-ವೇ ಬಿಲ್ಲಿನದು. 2017ರ ಸೆಪ್ಟೆಂಬರ್‌ನಲ್ಲಿ ಈ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಮೊದಲು ಜಾರಿಗೊಳಿಸಿದ ರಾಜ್ಯ ಕರ್ನಾಟಕ. ಇಲ್ಲಿ ಅದು ಕೆಲಸ ಮಾಡಿತು. ಆದರೆ 2018ರ ಫೆಬ್ರವರಿ 1ರಂದು ದೇಶಾದ್ಯಂತ ಕಡ್ಡಾಯಗೊಳಿಸಿದ ಮೊದಲ ದಿನವೇ ಜಾಲತಾಣವು ಹೊರೆ ತಾಳಲಾರದೆ ಕುಸಿದು, ಯೋಜನೆಯನ್ನು ಮುಂದೂಡಬೇಕಾಯಿತು. ಏಪ್ರಿಲ್ 1ರಿಂದ ಅದು ಪುನಃ ಆರಂಭವಾಯಿತು. ಒಂದು ರಾಜ್ಯದಲ್ಲಿ ಗೆದ್ದ ಪ್ರಯೋಗ ಇಡೀ ದೇಶದಲ್ಲಿ ಗೆಲ್ಲಬೇಕೆಂದಿಲ್ಲ. ಸಂಸ್ಥೆಯೊಂದರ ಪ್ರಯೋಗಶಾಲೆಯಲ್ಲಿ ಗೆದ್ದ ತಂತ್ರಾಂಶ ಮೂಡಿಗೆರೆಯ ಅಂಗಡಿಯಲ್ಲಿ ಗೆಲ್ಲಬೇಕೆಂದೂ ಇಲ್ಲ. ಬಿಡುಗಡೆಯಾದ ಆವೃತ್ತಿಯ ಸ್ಥಿತಿಯೇ ಹೀಗಿರುವಾಗ ಬಿಡುಗಡೆಗೆ ಮುಂಚಿನದರ ಬಗ್ಗೆ ಹೇಳಬೇಕಾದುದೇನಿದೆ?

ವ್ಯಾಪಾರದ ಗಣಕಯಂತ್ರಕ್ಕೆ ಒದಗುವ ತೊಂದರೆಗಳು

1. ಜೋಡಣೆಯ ಸಾಧನಗಳು: ಮನೆಯ ಗಣಕಯಂತ್ರಕ್ಕೂ ವ್ಯಾಪಾರದ ಗಣಕಯಂತ್ರಕ್ಕೂ ಇರುವ ದೊಡ್ಡ ವ್ಯತ್ಯಾಸ ಅದಕ್ಕೆ ಜೋಡಿಸಿದ ಸಾಧನಗಳಲ್ಲಿದೆ. ಡಿಜಿಟಲ್ ಸಹಿಯ ಟೋಕನ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಬಾರ್‌ಕೋಡ್ ಮುದ್ರಕ, ಸೀರಿಯಲ್ ಕೇಬಲಿನ ಮೂಲಕ ತೂಕವನ್ನು ಗಣಕಯಂತ್ರಕ್ಕೆ ಕಳುಹಿಸುವ ವೇ ಬ್ರಿಡ್ಜ್ ಇವೆಲ್ಲವೂ 'ಡ್ರೈವರ್' ಎಂಬ ಸಣ್ಣ ತಂತ್ರಾಂಶಗಳನ್ನು ಅವಲಂಬಿಸಿವೆ. ಇವುಗಳ ತಯಾರಕರು ಬಿಡುಗಡೆಯಾದ ವಿಂಡೋಸ್‌ಗೆ ಡ್ರೈವರ್ ಒದಗಿಸುತ್ತಾರೆಯೇ ಹೊರತು ಪರೀಕ್ಷೆಯಲ್ಲಿರುವ ಆವೃತ್ತಿಗಲ್ಲ. ಜಿಎಸ್‌ಟಿ ಜಾಲತಾಣದ ಎಮ್‌ಸೈನರ್, ಆದಾಯ ತೆರಿಗೆ ಜಾಲತಾಣದ ಎಮ್‌ಬ್ರಿಜ್ ಮುಂತಾದ ಸಹಿ ತಂತ್ರಾಂಶಗಳ ಮಾತೂ ಇದೇ. 2025ರ ಜನವರಿ 29ರಂದು ಬಂದ ಐಚ್ಛಿಕ ಪ್ರಿವ್ಯೂ ಅಪ್‌ಡೇಟ್ ಹಾಕಿಕೊಂಡ ಕೆಲವು ವಿಂಡೋಸ್ 11 ಯಂತ್ರಗಳಲ್ಲಿ ಯುಎಸ್‌ಬಿ ಪ್ರಿಂಟರ್‌ಗಳು ತಮ್ಮಷ್ಟಕ್ಕೆ ತಾವೇ ಅರ್ಥವಿಲ್ಲದ ಅಕ್ಷರಗಳನ್ನು ಮುದ್ರಿಸತೊಡಗಿದವು. ಪರಿಹಾರ ಬಂದದ್ದು ಮಾರ್ಚ್ ತಿಂಗಳ ಕೊನೆಯಲ್ಲಿ. ಎರಡು ತಿಂಗಳು ಬಿಲ್ ಮುದ್ರಿಸುವ ಯಂತ್ರವನ್ನು ನಂಬಲಾಗದ ಸ್ಥಿತಿ ಯಾವ ಅಂಗಡಿಗೂ ಬೇಡ.

2. ಅವಧಿ ಮುಗಿಯುವುದು: ಪರೀಕ್ಷಾ ಆವೃತ್ತಿಗೆ ಆಯುಷ್ಯವಿರುತ್ತದೆ. 2009ರ ಮೇ ತಿಂಗಳಲ್ಲಿ ವಿಂಡೋಸ್ 7ರ ಬಿಡುಗಡೆ-ಪೂರ್ವ ಆವೃತ್ತಿಯನ್ನು ಉಚಿತವಾಗಿ ಪಡೆದವರ ಯಂತ್ರಗಳು 2010ರ ಮಾರ್ಚ್ 1ರಿಂದ ಪ್ರತಿ ಎರಡು ಗಂಟೆಗೊಮ್ಮೆ ತಾವೇ ನಿಲ್ಲತೊಡಗಿದವು. ಜೂನ್ 1ಕ್ಕೆ ಅದರ ಅವಧಿಯೇ ಮುಗಿಯಿತು. ಮಾರ್ಚ್ ತಿಂಗಳು ಲೆಕ್ಕಪತ್ರಗಳ ತಿಂಗಳೆಂಬುದನ್ನು ವ್ಯಾಪಾರಸ್ಥರಿಗೆ ನೆನಪಿಸಬೇಕಾಗಿಲ್ಲ. ಇಂದಿನ ಇನ್‌ಸೈಡರ್ ಆವೃತ್ತಿಗಳಿಗೂ ಇಂತಹ ಅಂತಿಮ ದಿನಾಂಕವಿದೆ.

3. ಹಿಂದಿರುಗುವ ದಾರಿ ಕಿರಿದು: ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ಆವೃತ್ತಿಗೆ ಮರಳಲು ವಿಂಡೋಸ್ ಸಾಮಾನ್ಯವಾಗಿ 10 ದಿನಗಳ ಅವಕಾಶ ನೀಡುತ್ತದೆ. ಆ ಬಳಿಕ ಕ್ಯಾನರಿ ಅಥವಾ ಡೆವ್ ಹಂತದಿಂದ ಹೊರಬರಬೇಕಾದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಅಳವಡಿಸುವುದೊಂದೇ ಮಾರ್ಗ. 2021ರಲ್ಲಿ ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶ ಅರ್ಹತೆಯಿಲ್ಲದ ಕೆಲವು ಹಳೆಯ ಯಂತ್ರಗಳಿಗೂ ಪರೀಕ್ಷಾ ಆವೃತ್ತಿ ದೊರೆತಿತ್ತು. ಅಂತಿಮ ಬಿಡುಗಡೆ ಹತ್ತಿರವಾದಾಗ, ವಿಂಡೋಸ್ 10 ಅನ್ನು ಹೊಸದಾಗಿ ಅಳವಡಿಸಿಕೊಳ್ಳಿ ಎಂಬ ಸೂಚನೆ ಅವುಗಳ ಪರದೆಯ ಮೇಲೆ ಬಂದಿತು.

4. ಕೀಲಿ ಮತ್ತು ಪರವಾನಗಿ: ಹೊಸ ಯಂತ್ರಗಳಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ವ್ಯವಸ್ಥೆ ಇರುತ್ತದೆ. ಅಪ್‌ಡೇಟ್ ಎಡವಿದಾಗ ಅದು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. 2024ರ ಜುಲೈನಲ್ಲಿ ನಿಯಮಿತ ಅಪ್‌ಡೇಟ್ ಒಂದರ ನಂತರವೇ ಹಲವರ ಯಂತ್ರಗಳು ಹೀಗೆ ಕೀಲಿ ಕೇಳಿ ನಿಂತವು. ಆ ಕೀಲಿಯು ಸಾಮಾನ್ಯವಾಗಿ ಯಂತ್ರವನ್ನು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆತ ಅಂಗಡಿ ಬಿಟ್ಟುಹೋದ ಗುಮಾಸ್ತನೋ ಬೆಂಗಳೂರಿಗೆ ಮರಳಿದ ವಿದ್ಯಾರ್ಥಿಯೋ ಆಗಿದ್ದರೆ ಲೆಕ್ಕವೆಲ್ಲ ಬೀಗದೊಳಗೆ. ಇನ್ನು ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶದ ಪರವಾನಗಿಯು ಆ ಯಂತ್ರಕ್ಕೇ ಜೋಡಣೆಯಾಗಿರುತ್ತದೆ. ಪರವಾನಗಿಯನ್ನು ಮೊದಲು ಸರೆಂಡರ್ ಮಾಡದೆ ಫಾರ್ಮ್ಯಾಟ್ ಮಾಡಿದರೆ ಅದನ್ನು ಮರಳಿ ಪಡೆಯುವುದು ಮತ್ತೊಂದು ಕೆಲಸ.

ಒಂದು ಲೆಕ್ಕಾಚಾರ

ಚಿಕ್ಕಮಗಳೂರಿನ ಹೊರವಲಯದಲ್ಲಿ ಹುರಿದ ಕಾಫಿ ಪುಡಿ ತಯಾರಿಸುವ ಒಂದು ಸಣ್ಣ ಖಾಸಗಿ ಸೀಮಿತ ಕಂಪನಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ 20 ಲಕ್ಷ ರೂಪಾಯಿಗಳ ಪುಡಿಯನ್ನು ಮಂಗಳೂರು ಮತ್ತು ಹಾಸನದ ಸಗಟು ಖರೀದಿದಾರರಿಗೆ ಮಾರುತ್ತದೆ. ಶೇಕಡಾ 5ರಂತೆ ತೆರಿಗೆ 1 ಲಕ್ಷ ರೂಪಾಯಿ. 9ನೆಯ ತಾರೀಖಿನ ರಾತ್ರಿ ಅದರ ಗಣಕಯಂತ್ರದಲ್ಲಿ ಪರೀಕ್ಷಾ ಆವೃತ್ತಿ ಕುಳಿತಿತು ಎನ್ನೋಣ. ಮರುದಿನ ಡಿಜಿಟಲ್ ಸಹಿಯ ಟೋಕನ್ ಯಂತ್ರಕ್ಕೆ ಕಾಣುತ್ತಿಲ್ಲ. ಕಂಪನಿಗಳು ಜಿಎಸ್‌ಟಿ ವಿವರಣೆಗಳಿಗೆ ಡಿಜಿಟಲ್ ಸಹಿಯನ್ನೇ ಹಾಕಬೇಕಾದ್ದರಿಂದ ಒಟಿಪಿ ಮೂಲಕ ಕೆಲಸ ಮುಗಿಸುವ ದಾರಿಯೂ ಇಲ್ಲ. 11ಕ್ಕೆ ಸಲ್ಲಿಸಬೇಕಾದ ಜಿಎಸ್‌ಟಿಆರ್-1 ಸಲ್ಲಿಕೆಯಾದದ್ದು 16ಕ್ಕೆ.

ಕಾನೂನಿನಂತೆ ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯಂತೆ 5 ದಿನಕ್ಕೆ 250 ರೂಪಾಯಿ. ಇಷ್ಟೇ ತಾನೇ ಎಂದು ಮಾಲೀಕರು ನಿಟ್ಟುಸಿರು ಬಿಡಬಹುದು. ಆದರೆ ಖರೀದಿದಾರರ ಜಿಎಸ್‌ಟಿಆರ್-2ಬಿ 14ನೆಯ ತಾರೀಖಿಗೇ ಸಿದ್ಧವಾಗಿರುತ್ತದೆ. ಅದರಲ್ಲಿ ಈ ಕಂಪನಿಯ ಬಿಲ್ಲುಗಳಿರುವುದಿಲ್ಲ. ಆದ್ದರಿಂದ 1 ಲಕ್ಷ ರೂಪಾಯಿಗಳ ಹೂಡುವಳಿ ತೆರಿಗೆ ಜಮೆ ಅವರಿಗೆ ಒಂದು ತಿಂಗಳು ತಡವಾಗುತ್ತದೆ, ಅಷ್ಟು ಹಣವನ್ನು ಅವರು ಕೈಯಿಂದ ಕಟ್ಟಬೇಕಾಗುತ್ತದೆ. ಗಣಕಯಂತ್ರ ಕೆಟ್ಟದ್ದು ಒಬ್ಬರದು, ಹಣ ತೆತ್ತವರು ಇನ್ನೊಬ್ಬರು. ಮುಂದಿನ ತಿಂಗಳ ಆರ್ಡರ್ ಬೇರೆ ಪುಡಿ ಕಂಪನಿಗೆ ಹೋದರೆ ಆ ನಷ್ಟ ಯಾವ ಖಾತೆಯಲ್ಲಿಯೂ ಬರೆಯಲ್ಪಡುವುದಿಲ್ಲ.

ಇದಕ್ಕಿಂತ ದೊಡ್ಡ ಹೊಣೆ ದಾಖಲೆಗಳದು. ಜಿಎಸ್‌ಟಿ ಕಾಯಿದೆಯ 36ನೆಯ ವಿಧಿಯಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ನಿಯಮ 57ರ ಪ್ರಕಾರ ವಿದ್ಯುನ್ಮಾನ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕು. ದಾಖಲೆ ನಾಶವಾದರೆ ಅದನ್ನು ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತಿರಬೇಕು. ಕಂಪನಿಗಳಿಗಂತೂ 2022ರ ತಿದ್ದುಪಡಿಯ ಬಳಿಕ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇಡುವುದು ಕಡ್ಡಾಯ. 2023ರ ಏಪ್ರಿಲ್ 1ರಿಂದ ಅವುಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯಬೇಕು. ಫಾರ್ಮ್ಯಾಟ್ ಮಾಡಿದ ಯಂತ್ರದಲ್ಲಿ ನೆನಪಿನಿಂದ ಪುನಃ ಬರೆದ ಖಾತೆಗೆ ಆ ಜಾಡು ಎಲ್ಲಿಂದ ಬರಬೇಕು? 'ವಿಂಡೋಸ್ ಅಪ್‌ಡೇಟ್ ಆಗುವಾಗ ಹೋಯಿತು' ಎಂಬ ಉತ್ತರವು ಲೆಕ್ಕಪರಿಶೋಧಕರ ಮುಂದೆಯೂ ಇಲಾಖೆಯ ಮುಂದೆಯೂ ನಿಲ್ಲುವಂತಹದಲ್ಲ.

ಮಲೆನಾಡಿನ ಹೆಚ್ಚುವರಿ ಕಷ್ಟಗಳು

ಬೆಂಗಳೂರಿನಲ್ಲಿ ಯಂತ್ರ ಕೆಟ್ಟರೆ ಸಂಜೆಯೊಳಗೆ ತಂತ್ರಜ್ಞ ಬರುತ್ತಾನೆ. ಮಲೆನಾಡಿನ ಪರಿಸ್ಥಿತಿ ಬೇರೆ. ಆಷಾಢದ ಮಳೆಯಲ್ಲಿ ಮರ ಬಿದ್ದು ವಿದ್ಯುತ್ ಕಡಿತವಾಗುವುದು, ಅದರೊಂದಿಗೆ ಮೊಬೈಲ್ ಸಂಪರ್ಕವೂ ಇಲ್ಲವಾಗುವುದು ಇಲ್ಲಿ ವಾಡಿಕೆ. ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದ ದಿನಗಳನ್ನು ಕಳಸದ ಕಡೆಯವರು ಬಲ್ಲರು. ದೊಡ್ಡ ಅಪ್‌ಡೇಟ್ ಹಲವು ಜಿಬಿಗಳಷ್ಟಿರುತ್ತದೆ. ಇನ್‌ಸೈಡರ್ ಯಂತ್ರಗಳಿಗೆ ಇಂತಹವು ಮೇಲಿಂದ ಮೇಲೆ ಬರುತ್ತವೆ. ಅಳವಡಿಕೆಯ ನಡುವೆ ವಿದ್ಯುತ್ ಹೋಗಿ ಯುಪಿಎಸ್ ಬ್ಯಾಟರಿಯೂ ಮುಗಿದರೆ ಯಂತ್ರ ಪುನಃ ಎದ್ದೇಳುವುದೇ ಅನುಮಾನ.

ಕೊಯ್ಲಿನ ಕಾಲದಲ್ಲಂತೂ ಒಂದು ದಿನದ ತಡೆಯೂ ದುಬಾರಿ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಲ್ಲಿ ಆರಂಭವಾಗಿ ರೊಬಸ್ಟಾ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಈ ತಿಂಗಳುಗಳಲ್ಲಿ ಖರೀದಿ ಮಳಿಗೆಯ ಮುಂದೆ ಪಾರ್ಚ್‌ಮೆಂಟ್ ಮತ್ತು ಚೆರಿ ಮೂಟೆಗಳ ಗಾಡಿಗಳು ನಿಂತಿರುತ್ತವೆ. ಲಂಡನ್ ಮತ್ತು ನ್ಯೂಯಾರ್ಕ್ ಮಾರುಕಟ್ಟೆಗಳ ಏರಿಳಿತಕ್ಕೆ ತಕ್ಕಂತೆ ಇಲ್ಲಿಯ ದರ ದಿನದಿನಕ್ಕೂ ಬದಲಾಗುತ್ತದೆ. ಯಾವ ಬೆಳೆಗಾರರಿಗೆ ಯಾವ ದಿನ ಯಾವ ದರಕ್ಕೆ ಮಾತಾಯಿತು, ಎಷ್ಟು ಮುಂಗಡ ಹೋಯಿತು ಎಂಬುದು ಗಣಕಯಂತ್ರದಲ್ಲಿ ಮಾತ್ರ ಇದ್ದು ಆ ಯಂತ್ರವೇ ನಿಂತರೆ, ನಾಲ್ಕು ತಲೆಮಾರಿನ ನಂಬಿಕೆಗೂ ಬಿರುಕು ಬೀಳಬಹುದು.

ಅಂಗೈಯ ಗಣಕಯಂತ್ರ

ಮೊಬೈಲ್ ಫೋನ್ ಕೂಡ ಗಣಕಯಂತ್ರವೇ ಎಂಬುದನ್ನು ಮರೆಯಬಾರದು. ಬ್ಯಾಂಕಿನ ಒಟಿಪಿ, ಯುಪಿಐ ಪಾವತಿ, ಗ್ರಾಹಕರೊಂದಿಗಿನ ವ್ಯವಹಾರದ ಸಂದೇಶಗಳು ಎಲ್ಲವೂ ಅದರಲ್ಲಿವೆ. ಆಂಡ್ರಾಯ್ಡ್ ಮತ್ತು ಐಫೋನ್‌ಗಳಿಗೂ ಬೀಟಾ ಆವೃತ್ತಿಗಳು ದೊರೆಯುತ್ತವೆ. ಇಂತಹ ಆವೃತ್ತಿಗಳಲ್ಲಿ ಕೆಲವು ಬ್ಯಾಂಕಿಂಗ್ ಆ್ಯಪ್‌ಗಳು ಕೆಲಸ ಮಾಡದಿರುವ ಸಂಭವವಿದೆ. ಅಲ್ಲದೆ, ಅಂತಿಮ ಆವೃತ್ತಿ ಬರುವ ಮುನ್ನ ಆಂಡ್ರಾಯ್ಡ್ ಬೀಟಾದಿಂದ ಹೊರಬಂದರೆ ಫೋನಿನಲ್ಲಿರುವ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ವ್ಯಾಪಾರದ ಸಂಖ್ಯೆಯಿರುವ ಫೋನಿಗೆ ಬೀಟಾ ಸಲ್ಲದು.

ಹಾಗೆಂದು ಅಪ್‌ಡೇಟ್ ಬಿಡುವುದೂ ತರವಲ್ಲ

ಇಷ್ಟೆಲ್ಲ ಓದಿದ ಮೇಲೆ ಅಪ್‌ಡೇಟ್ ಸಹವಾಸವೇ ಬೇಡವೆಂದು ಅದನ್ನು ಶಾಶ್ವತವಾಗಿ ನಿಲ್ಲಿಸಿಬಿಡುವ ಆಲೋಚನೆ ಕೆಲವರಿಗೆ ಬರಬಹುದು. ಅದು ಇನ್ನೂ ದೊಡ್ಡ ತಪ್ಪು. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಒತ್ತೆಹಣದ ವೈರಸ್ ಜಗತ್ತಿನಾದ್ಯಂತ ಹರಡಿ ಗಣಕಯಂತ್ರಗಳ ಕಡತಗಳಿಗೆ ಬೀಗ ಹಾಕಿತು. ಅದು ಬಳಸಿದ ಲೋಪವನ್ನು ಮುಚ್ಚುವ ಭದ್ರತಾ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಿನಲ್ಲೇ ಬಿಡುಗಡೆ ಮಾಡಿತ್ತು. ಎರಡು ತಿಂಗಳಾದರೂ ಅದನ್ನು ಅಳವಡಿಸದವರೇ ಬಹುಮಟ್ಟಿಗೆ ತುತ್ತಾದವರು. ಆದ್ದರಿಂದ ಬಿಡುಗಡೆಯಾದ ಭದ್ರತಾ ಅಪ್‌ಡೇಟ್ ಬೇರೆ, ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ ಬೇರೆ. ಮೊದಲನೆಯದು ತೋಟಕ್ಕೆ ಬೇಲಿ. ಎರಡನೆಯದು ಪರೀಕ್ಷೆಯ ಬೀಜ.

ಭದ್ರತಾ ಅಪ್‌ಡೇಟನ್ನು ಸಹ ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಹಾಕುವ ಅಗತ್ಯವಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್ ಏಕಕಾಲಕ್ಕೆ ಎಲ್ಲೆಡೆ ಹೋದದ್ದರಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಮೊದಲು ಒಂದು ಯಂತ್ರ, ನಾಲ್ಕು ದಿನ ನೋಡಿ ಉಳಿದವು ಎಂಬ ಕ್ರಮ ಸಣ್ಣ ಸಂಸ್ಥೆಗೂ ಸಾಧ್ಯ.

ವಿಂಡೋಸ್ 10 ಬಳಸುತ್ತಿರುವವರು ಇನ್ನೊಂದು ವಿಷಯ ಗಮನಿಸಬೇಕು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಾಣಿಜ್ಯ ಸಂಸ್ಥೆಗಳು ಹಣ ತೆತ್ತು ಗರಿಷ್ಠ ಮೂರು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆ ಪ್ರಕಟವಾಗಿದ್ದು, ಅದರ ದರ ವರ್ಷದಿಂದ ವರ್ಷಕ್ಕೆ ದುಪ್ಪಟ್ಟಾಗುತ್ತದೆ. ಈ ಖರ್ಚನ್ನು ತಪ್ಪಿಸಲು ಅರ್ಹತೆಯಿಲ್ಲದ ಹಳೆಯ ಯಂತ್ರಕ್ಕೆ ಪರೀಕ್ಷಾ ಆವೃತ್ತಿಯನ್ನೋ ಅಡ್ಡದಾರಿಯ ವಿಂಡೋಸ್ 11 ಅನ್ನೋ ಹಾಕಿಸಿಕೊಳ್ಳುವುದು ಉಳಿತಾಯವಲ್ಲ. ಯಂತ್ರ ಹಳತಾಗಿದ್ದರೆ ಹೊಸದನ್ನು ಕೊಳ್ಳುವುದೇ ಲೇಸು.

ಪಾಲಿಸಬೇಕಾದ ಕ್ರಮಗಳು

ಸಣ್ಣ ವ್ಯಾಪಾರ ಹಾಗೂ ಉದ್ಯಮ ಸಂಸ್ಥೆಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಸೂಕ್ತ.

1. ಇಂದೇ ಪರಿಶೀಲಿಸಿ: ಪರದೆಯ ಬಲಭಾಗದ ಕೆಳಮೂಲೆಯಲ್ಲಿ 'ಇವ್ಯಾಲ್ಯುಯೇಷನ್ ಕಾಪಿ' ಎಂಬ ಬರಹವಿದ್ದರೆ ಅದು ಪರೀಕ್ಷಾ ಆವೃತ್ತಿ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿ ಇನ್‌ಸೈಡರ್ ಕಾರ್ಯಕ್ರಮಕ್ಕೆ ಯಂತ್ರ ಸೇರಿದೆಯೇ ಎಂದು ನೋಡಬಹುದು. 'ವಿನ್‌ವರ್' ಆಜ್ಞೆ ನೀಡಿದರೆ ಆವೃತ್ತಿಯ ವಿವರ ಹಾಗೂ ಪರೀಕ್ಷಾ ಆವೃತ್ತಿಯಾಗಿದ್ದಲ್ಲಿ ಅದರ ಅಂತಿಮ ದಿನಾಂಕ ತಿಳಿಯುತ್ತದೆ.

2. ಈಗಾಗಲೇ ಪರೀಕ್ಷಾ ಆವೃತ್ತಿ ಇದ್ದರೆ ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಬಾರದು. ಮೊದಲು ಸಂಪೂರ್ಣ ಬ್ಯಾಕಪ್, ನಂತರ ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷೆ, ಲೆಕ್ಕಪತ್ರ ಪರವಾನಗಿಯ ಸರೆಂಡರ್, ಬಿಟ್‌ಲಾಕರ್ ಕೀಲಿಯ ಮುದ್ರಿತ ಪ್ರತಿ, ಕೊನೆಗೆ ಮರು ಅಳವಡಿಕೆ ಎಂಬ ಅನುಕ್ರಮವಿರಲಿ.

3. ವಿಂಡೋಸ್ 11ರಲ್ಲಿ 'ಅಪ್‌ಡೇಟ್‌ಗಳನ್ನು ಲಭ್ಯವಾದ ಕೂಡಲೇ ಪಡೆಯಿರಿ' ಎಂಬರ್ಥದ ಆಯ್ಕೆಯನ್ನು ನಿಲ್ಲಿಸಿಡಬೇಕು. 'ಪ್ರಿವ್ಯೂ' ಎಂಬ ಪದವಿರುವ ಐಚ್ಛಿಕ ಅಪ್‌ಡೇಟನ್ನು ಮುಟ್ಟಬಾರದು.

4. ತಿಂಗಳ 7, 11 ಮತ್ತು 20ನೆಯ ತಾರೀಖುಗಳ ಹಿಂದುಮುಂದಿನ ದಿನಗಳಲ್ಲಿ, ಮಾರ್ಚ್ ಕೊನೆಯಲ್ಲಿ, ಕೊಯ್ಲಿನ ಭರಾಟೆಯಲ್ಲಿ ಯಾವುದೇ ದೊಡ್ಡ ಆವೃತ್ತಿ ಬದಲಾವಣೆ ಬೇಡ. ಅಪ್‌ಡೇಟನ್ನು ಕೆಲವು ದಿನ ತಡೆಹಿಡಿಯುವ ಸೌಲಭ್ಯ ವಿಂಡೋಸ್‌ನಲ್ಲಿಯೇ ಇದೆ.

5. ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ಬ್ಯಾಕಪ್ ಆಗಬೇಕು. ಒಂದು ಪ್ರತಿ ಅಂಗಡಿಯ ಹೊರಗೆ ಇರಬೇಕು. ಸದಾ ಯಂತ್ರಕ್ಕೇ ಸಿಕ್ಕಿಸಿಟ್ಟ ಪೆನ್ ಡ್ರೈವ್ ಬ್ಯಾಕಪ್ ಎನಿಸದು.

6. ಗಣಕಯಂತ್ರದ ಆಡಳಿತಾಧಿಕಾರವಿರುವ ಖಾತೆ ಯಜಮಾನರ ಹೆಸರಿನಲ್ಲಿರಬೇಕು. ಗುಮಾಸ್ತರಿಗೂ ಮನೆಯ ಮಕ್ಕಳಿಗೂ ಸಾಮಾನ್ಯ ಬಳಕೆದಾರರ ಖಾತೆ ಸಾಕು.

7. ಹೊಸದನ್ನು ನೋಡುವ ಆಸಕ್ತಿ ಮನೆಯ ಯುವಕರಿಗಿದ್ದರೆ ಅದನ್ನು ತಡೆಯಬೇಕಾಗಿಲ್ಲ. ಲೆಕ್ಕಪತ್ರ, ಬ್ಯಾಂಕ್, ಡಿಜಿಟಲ್ ಸಹಿ ಯಾವುದೂ ಇಲ್ಲದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಅವರಿಗೆ ಬಿಟ್ಟುಕೊಡಬಹುದು.

ಕೊನೆಯ ಸಲಹೆಯಲ್ಲಿ ಈ ಇಡೀ ವಿಷಯದ ಸಾರವಿದೆ. ಪ್ರಯೋಗ ನಡೆಯಬೇಕು, ಪ್ರಯೋಗ ಮಾಡುವವರಿಲ್ಲದಿದ್ದರೆ ಎಸ್. 795 ತಳಿಯೂ ಬರುತ್ತಿರಲಿಲ್ಲ, ಒಳ್ಳೆಯ ತಂತ್ರಾಂಶವೂ ಬರುತ್ತಿರಲಿಲ್ಲ. ಆದರೆ ಪ್ರಯೋಗಕ್ಕೊಂದು ತಾಕು, ಫಸಲಿಗೊಂದು ತೋಟ ಎಂಬ ಗಡಿಯನ್ನು ಕಾಫಿ ನಾಡಿನ ಹಿರಿಯರು ಎಂದೂ ಅಳಿಸಲಿಲ್ಲ. ಆ ಗಡಿಯನ್ನು ಲೆಕ್ಕದ ಕೋಣೆಯಲ್ಲಿಯೂ ಕಾಯ್ದುಕೊಂಡರೆ ಸಾಕು; ಹೊಸ ಆವೃತ್ತಿಯು ಎರಡು ತಿಂಗಳು ತಡವಾಗಿ ಬಂದರೂ ಖಾತೆ ಪುಸ್ತಕ ಮಾತ್ರ ಸಮಯಕ್ಕೆ ಸರಿಯಾಗಿ ಕೈಗೆ ಸಿಗುತ್ತದೆ.